ಹದಿನಾಲ್ಕು ಕೊಯ್ತಾಕ್ಕೆ ಎಷ್ಟು ಖಾನೆ

2013ನೆಯ ಇಸವಿ, ಜನವರಿ ತಿಂಗಳು. ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ತಂಡದ, ನಮ್ಮ ಮಾತಿನಲ್ಲಿ ಟೋಳಿಯ, ಮುಕಾದಮನಾಗಿ ನಾನು ಕೆಲಸ ಮಾಡುತ್ತಿದ್ದೆ. ನಮ್ಮೂರು ರಾಯಬಾಗ ತಾಲೂಕಿನ ಮುಗಳಖೋಡ. ದೀಪಾವಳಿ ಮುಗಿಸಿಕೊಂಡು ಊರು ಬಿಟ್ಟರೆ ತಿರುಗಿ ಬರುವುದು ಹೋಳಿ ಹುಣ್ಣಿಮೆಯ ಆಸುಪಾಸಿಗೆ. ಆ ವರ್ಷ ಕಾಗವಾಡ ಕಡೆಯ ಜುಗೂಳದ ಹೊಲಗಳ ಅಂಚಿಗೆ ನಮ್ಮ ಗುಡಿಸಲು ಬಿದ್ದಿದ್ದವು.

ಮುಕಾದಮ ಅಂದರೆ ದೊಡ್ಡ ಹುದ್ದೆ ಏನಲ್ಲ. ಊರಿಂದ ಜನ ಕೂಡಿಸಿ ತರಬೇಕು, ಯಾರು ಯಾವ ಸಾಲು ಕಡಿಯಬೇಕು ಹೇಳಬೇಕು, ಹಾಜರಿ ಬರೆಯಬೇಕು. ಕಾರ್ಖಾನೆಯವರ ಬೈಗುಳ ಟೋಳಿಗೆ ಮುಟ್ಟಿಸಬೇಕು, ಟೋಳಿಯ ಬೈಗುಳ ನುಂಗಿಕೊಳ್ಳಬೇಕು. ನಾನು ಓದಿದ್ದು ಮೂರನೆಯ ಇಯತ್ತೆ. ಹಾಜರಿ ಬರೆಯಲು ಅಷ್ಟು ಸಾಕಾಗಿತ್ತು.

ಈ ಪ್ರಸಂಗ ಬರೆಯಬೇಕು ಎಂದು ಇಷ್ಟು ವರ್ಷ ಅನಿಸಿರಲಿಲ್ಲ. ಈಗ ಮೊಮ್ಮಗಳು ಸಮೃದ್ಧಿ ಒಂದನೆಯ ತರಗತಿಗೆ ಹೋಗುತ್ತಾಳೆ. ಮೊನ್ನೆ ಪಾಟಿಯ ಮೇಲೆ ತನ್ನ ಹೆಸರು ತಾನೇ ಬರೆದು ತಂದು ನನ್ನ ಮುಖದ ಮುಂದೆ ಹಿಡಿದಳು. ಕೊನೆಯ ಆ ಒತ್ತಕ್ಷರ ನನಗೆ ಇವತ್ತಿಗೂ ಒಂದೇ ಏಟಿಗೆ ಬರುವುದಿಲ್ಲ, ಆಕೆಗೆ ಬಂತು! ಓಣಿಯ ಮಂದಿಗೆಲ್ಲ ಪಾಟಿ ತೋರಿಸಿ ಬಂದೆ. ತೋರಿಸಿದವರಿಗೇ ಎರಡನೆಯ ಸಲ ತೋರಿಸಲು ಹೋಗಿ ಬೈಸಿಕೊಂಡೆ. ಆದರೂ ಸಂತೋಷ ಹೊಟ್ಟೆಯಲ್ಲಿ ಹಿಡಿಯಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಆಕೆ ಹುಟ್ಟಿದ ಆ ಹಂಗಾಮಿನ ಮಾತು ಇದು.

ಮೊದಲು ಕೊಯ್ತಾ ಎಂಬ ಮಾತನ್ನು ಬಿಡಿಸಿ ಹೇಳಬೇಕು. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ನಮ್ಮ ಕೆಲಸದಲ್ಲಿ ಮಾತ್ರ ಕೊಯ್ತಾ ಅಂದರೆ ಗಂಡ ಹೆಂಡತಿಯ ಜೋಡಿ. ಗಂಡ ಬುಡಕ್ಕೆ ಕಡಿಯುತ್ತಾನೆ, ಹೆಂಡತಿ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಸುಲಿದು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ಇಬ್ಬರು ಸೇರಿ ಒಂದು ಕೊಯ್ತಾ. ಜೋಡಿ ಇಲ್ಲದೆ ಒಬ್ಬರೇ ಬಂದರೆ ಅದು ಅರ್ಧಾ ಕೊಯ್ತಾ. ನನ್ನ ಟೋಳಿಯ ಗಂಗವ್ವ ಗಂಡ ತೀರಿಕೊಂಡಾಗಿನಿಂದ ಅರ್ಧಾ ಕೊಯ್ತಾ ಆಗಿದ್ದಳು. ಹೆಂಡತಿ ಬಸುರಾಗಿ ದಿನ ತುಂಬುತ್ತ ಬಂದು ಹೊಲಕ್ಕೆ ಇಳಿಯುವುದು ಬಿಟ್ಟರೂ ಆ ಜೋಡಿ ಹಾಜರಿಯಲ್ಲಿ ಅರ್ಧಾ ಆಗುತ್ತಿತ್ತು. ಇದು ನಾನು ಹುಟ್ಟಿಸಿದ ಪದ್ಧತಿ ಅಲ್ಲ, ನನ್ನ ಅಪ್ಪನ ಕಾಲದಿಂದಲೂ ಹೀಗೆಯೇ.

ಆ ಹಂಗಾಮಿನಲ್ಲಿ ಕಾರ್ಖಾನೆಯವರು ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದರು. ಕಡಿಯುವ ಜನಕ್ಕೆ ಆರೋಗ್ಯ ಕಾರ್ಡ್ ಕೊಡುವುದು, ಕಾರ್ಡ್ ಇದ್ದವರಿಗೆ ಅಥಣಿಯ ಒಂದು ಆಸ್ಪತ್ರೆಯಲ್ಲಿ ಹಂಗಾಮು ಮುಗಿಯುವ ತನಕ ಪುಕ್ಕಟೆ ಉಪಚಾರ. ಅದಕ್ಕೆ ಎಲ್ಲರ ಹೆಸರು ಕಂಪ್ಯೂಟರಿಗೆ ಏರಬೇಕು. ಹೆಸರು ಏರಿಸುವ ವೆಬ್ ಫಾರ್ಮ್ ಮಾಡಲು ನಿಪ್ಪಾಣಿಯಿಂದ ಸುಜಾತಾ ಎಂಬ ಹುಡುಗಿ ಬಂದಳು. ಜೈನರ ವ್ಯಾಪಾರಸ್ಥ ಮನೆತನದ ಮಗಳು, ಇಪ್ಪತ್ತೈದರ ಒಳಗಿನ ವಯಸ್ಸು. ನಸುಕಿನ ಬಸ್ಸು ಹಿಡಿದು ಬರುತ್ತಿದ್ದಳು, ಡಬ್ಬಿಯ ಊಟ ಕಂಪ್ಯೂಟರಿನ ಮುಂದೆಯೇ ಮಾಡುತ್ತಿದ್ದಳು. ನನಗೆ ಆಕೆ ಕಾಕಾ ಅನ್ನುತ್ತಿದ್ದಳು. ನಾನು ಅಕ್ಕಾರ ಅನ್ನುತ್ತಿದ್ದೆ.

ಮೊದಲ ಫಾರ್ಮಿನಲ್ಲಿ ಹತ್ತು ಖಾನೆ ಇದ್ದವು. ಖಾನೆ ಅಂದರೆ ಹೆಸರು ತುಂಬುವ ಚೌಕ. ನಾನು ಹೇಳಿದೆ, "ಅಕ್ಕಾರ, ನಮ್ದು ಹದಿನಾಲ್ಕು ಕೊಯ್ತಾದ್ದ ಟೋಳಿ. ಉಳದ ನಾಕರ ಹೆಸರು ಗ್ವಾಡಿಗೆ ಬರಿಲೇನ್ರಿ?"

ಆಕೆ ನಕ್ಕು ತಲೆ ಹಿಡಿದುಕೊಂಡಳು. "ಮುಂಜಾನಿಂದ ಇದ ಕತಿ ಕಾಕಾ. ನಿಮಗ ಹತ್ತು ಸಾಲಂಗಿಲ್ಲ, ಮುಂಜಾನಿ ಬಂದವರ ಟೋಳಿ ಆರs ಇತ್ತು, ನಾಕು ಖಾನೆ ಖಾಲಿ ಉಳದ್ರ ಫಾರ್ಮ್ ಮುಂದ ಹೋಗವಲ್ದು. ಎರಡ ದಿನ ಕೊಡ್ರಿ."

ಎರಡು ದಿನ ಬಿಟ್ಟು ಮತ್ತೆ ಹೋದೆ. ಹೋಗುವುದು ಎಂದರೆ ಏನು ಎಂದು ಹೇಳಿಬಿಡುತ್ತೇನೆ. ನಸುಕಿನಲ್ಲಿ ಹೊಲಕ್ಕಿಳಿದು, ಟ್ರ್ಯಾಕ್ಟರ್ ತುಂಬಿಸಿ ಕಳಿಸಿ, ಅದರದೇ ಹಿಂದೆ ಇನ್ನೊಂದು ಟ್ರ್ಯಾಕ್ಟರಿನ ಮೇಲೆ ಜೋತುಬಿದ್ದು ಕಾರ್ಖಾನೆ ಮುಟ್ಟುವುದು. ಮೈತುಂಬ ರವದಿಯ ಮುಳ್ಳು, ಕುತ್ತಿಗೆಯಲ್ಲಿ ಕೆರೆತ, ಕಣ್ಣು ಮುಚ್ಚಿದರೆ ನಿಂತಲ್ಲೇ ನಿದ್ದೆ. ಆಫೀಸಿನ ಕಟ್ಟೆಯ ಮೇಲೆ ಮುಕಾದಮರೆಲ್ಲ ಸಾಲಾಗಿ ತೂಕಡಿಸುತ್ತಿದ್ದೆವು. ಹೆಸರು ಕರೆದಾಗ ಪಕ್ಕದವನನ್ನು ತಿವಿದು ಎಬ್ಬಿಸಬೇಕು.

ಈ ಸಲ ಸುಜಾತಾ ಹೊಸದು ತೋರಿಸಿದಳು. ಮೇಲೆ ಒಂದೇ ಒಂದು ಖಾನೆ, ಅದರಲ್ಲಿ "ಎಷ್ಟು?" ಎಂಬ ಪ್ರಶ್ನೆ. ಅಲ್ಲಿ ಎಷ್ಟು ಒತ್ತುತ್ತೀರೋ ಕೆಳಗೆ ಅಷ್ಟು ಸಾಲು ಮೂಡುತ್ತವೆ. ಹೇಗೆ ಎಂದು ಕೇಳಿದೆ. ಕೋಡ್‌ನಲ್ಲಿ ಲೂಪ್ ಎಂದು ಒಂದು ಇರುತ್ತದಂತೆ. ಒಂದು ಸಾಲು ಹೇಗಿರಬೇಕು ಎಂದು ಒಮ್ಮೆ ಬರೆದರೆ ಸಾಕು, ಹೇಳಿದಷ್ಟು ಸಲ ಅದೇ ಸಾಲನ್ನು ಅದು ಮತ್ತೆ ಮತ್ತೆ ಮಾಡುತ್ತದೆ.

"ಹಂಗಾರ ಅದೂ ನಮ್ಮಂಗ ಆತಲ್ರಿ," ಅಂದೆ. "ಬಾಗೂದು, ಕಡಿಯೂದು. ಮತ್ತ ಬಾಗೂದು, ಮತ್ತ ಕಡಿಯೂದು."

"ಅದಕ್ಕ ಸೊಂಟ ನೋಯಂಗಿಲ್ಲ ನೋಡ್ರಿ ಕಾಕಾ," ಅಂದಳು.

ಕಬ್ಬಿನ ಆಫೀಸಿನವರು ಕೊಟ್ಟ ಹಾಳೆಯಲ್ಲಿ ನನ್ನ ಟೋಳಿಯ ಮುಂದೆ ಹದಿನಾಲ್ಕು ಎಂದಿತ್ತು. ಆಕೆ ಹದಿನಾಲ್ಕು ಒತ್ತಿದಳು, ಹದಿನಾಲ್ಕು ಸಾಲು ಮೂಡಿದವು, ಹಾಜರಿ ನೋಡಿ ಹದಿನಾಲ್ಕು ಹೆಸರು ತುಂಬಿದಳು. ಹಾಜರಿಯಲ್ಲಿ ಕೊಯ್ತಾದ ಹೆಸರು ಅಂದರೆ ಗಂಡಸಿನ ಹೆಸರು. ಗಂಗವ್ವನದು ಒಂದೇ ಹೆಂಗಸಿನ ಹೆಸರು. ಸರಿ ಎಂದು ಸಹಿ ಮಾಡಿ ಬಂದೆ. ಎಲ್ಲ ಟೋಳಿಯವರೂ ಹಾಗೆಯೇ ಮಾಡಿ ಬಂದರು. ಎಷ್ಟು ಕೊಯ್ತಾ ಎಂದು ನಾವು ತಿಳಿದೆವು, ಎಷ್ಟು ಜನ ಎಂದು ಆಕೆ ತಿಳಿದಳು. ಇಬ್ಬರ ಬಾಯಲ್ಲೂ ಅಂಕಿ ಒಂದೇ ಬಂತು, ಹೀಗಾಗಿ ಯಾರಿಗೂ ಸಂಶಯ ಬರಲಿಲ್ಲ.

ನನ್ನ ಮಗ ಮಹಾದೇವ ಮತ್ತು ಸೊಸೆ ಶೋಭಾ ನನ್ನ ಟೋಳಿಯಲ್ಲೇ ಒಂದು ಕೊಯ್ತಾ. ಶೋಭಾಗೆ ಅದು ಮೊದಲನೆಯ ಬಸುರು, ಒಂಬತ್ತರಲ್ಲಿ ಬಿದ್ದಿತ್ತು. ಆ ವಾರದಿಂದ ಹೊಲಕ್ಕೆ ಇಳಿಯುವುದು ಬಿಟ್ಟಿದ್ದಳು. ಕಾರ್ಡಿನ ಕೆಲಸ ಆಯಿತಲ್ಲ ಎಂದು ಮಹಾದೇವ ಆಕೆಯನ್ನು ಅಥಣಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ನೋಡಿ, ಕೂಸಿನ ತಲೆ ಮೇಲಿದೆ, ತಿರುಗಿಲ್ಲ, ಆಪರೇಷನ್ ಮಾಡಿಯೇ ತೆಗೆಯಬೇಕು, ಬರುವ ಸೋಮವಾರ ತಪ್ಪದೆ ಬರ್ರಿ ಎಂದರು. ಕೌಂಟರಿನಲ್ಲಿ ಕೂತವರು ಕಂಪ್ಯೂಟರ್ ನೋಡಿ, ಶೋಭಾ ಎಂಬ ಹೆಸರೇ ಇಲ್ಲ ಎಂದರು.

ಮಹಾದೇವ ಸಂಜೆ ಬಂದು ಗುಡಿಸಲ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಅಪ್ಪಾ, ಅದರಾಗ ನನ್ನ ಹೆಸರ ಐತಿ, ಆಕಿದಿಲ್ಲ. ಆಪರೇಷನ್ ಏನ್ ನನಗ ಮಾಡಸ್ಲಿ?"

ಅವನ ಸಿಟ್ಟಿಗೆ ನಗು ಬರುವಂತಿತ್ತು, ಆದರೆ ಯಾರೂ ನಗಲಿಲ್ಲ. ಶೋಭಾ ಒಲೆಯ ಮುಂದೆ ಬೆನ್ನು ಮಾಡಿ ಕುಳಿತೇ ಕೇಳಿದಳು. "ಮಾವಾರ, ಊರಿಗೆ ಹೋಗಿ ಸೂಲಗಿತ್ತಿ ಕಡಿಂದನ ಹಡದ್ರ ಆಗಂಗಿಲ್ಲೇನ್ರಿ?" ಹೆದರಿಕೆಯನ್ನು ಮುಚ್ಚಿಕೊಂಡ ದನಿ ಅದು. ಸೂಲಗಿತ್ತಿಯ ಕೈಯಲ್ಲಿ ತಿರುಗದ ಕೂಸು ಏನಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ತಂಗಿ ಹಾಗೆಯೇ ಹೋದವಳು. ಹೊರಗೆ ರೊಕ್ಕ ಕೊಟ್ಟು ಆಪರೇಷನ್ ಮಾಡಿಸುವ ತಾಕತ್ತು ನಮಗೆ ಇರಲಿಲ್ಲ.

ಮರುದಿನ ಟ್ರ್ಯಾಕ್ಟರಿನ ದಾರಿ ಕಾಯದೆ ನಡೆದೇ ಹೋದೆ. ಸುಜಾತಾ ನನ್ನ ಮಾತು ಪೂರ್ತಿ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ಕೊಯ್ತಾ ಅಂದ್ರ ಹತಾರ ಅಲ್ಲೇನ್ರಿ ಕಾಕಾ? ಒಬ್ಬ ಮನಷ್ಯಾಗ ಒಂದು ಅಂತ ನಾ ತಿಳದೆ."

"ಗಂಡ ಹೇಂತಿ ಕೂಡಿ ಒಂದ್ರಿ."

"ಅಯ್ಯಯ್ಯ! ಹಂಗಾರ ಎಲ್ಲಾ ಟೋಳಿ ಹೆಣ್ಣಮಕ್ಕಳೂ ಹೊರಗ ಉಳದಾರ?"

ಆ ಹುಡುಗಿ ಕೂಡಲೇ ಕೀಬೋರ್ಡ್ ಎಳೆದುಕೊಂಡಳು. ನಾನು ಹಾಜರಿಯಿಂದ ಯಾವುದು ಪೂರಾ, ಯಾವುದು ಅರ್ಧಾ ಎಂದು ಹೇಳುತ್ತ ಹೋದೆ. ಪೂರಾ ಇದ್ದಲ್ಲಿ ಎರಡು ಖಾನೆ, ಅರ್ಧಾ ಇದ್ದಲ್ಲಿ ಒಂದು ಖಾನೆ ಮೂಡಬೇಕು ಎಂದು ಬರೆದಳು. ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. "ನೋಡ್ರಿ ಕಾಕಾ, ಈಗ ಎಲ್ಲಾರೂ ಬರತಾರ," ಎಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ಗಂಡ ಹೆಂಡತಿ, ಗಂಡ ಹೆಂಡತಿ ಎಂದು ಜೋಡಿ ಜೋಡಿಯಾಗಿ ಖಾನೆ ನಿಂತಿದ್ದವು. ನೋಡಲು ಮದುವೆಯ ಪಂಕ್ತಿಯ ಹಾಗೆ ಚೆಂದ ಇತ್ತು. ಮಹಾದೇವನ ಸಾಲಿಗೆ ಬಂದೆ. ಅಲ್ಲಿ ಒಂದೇ ಖಾನೆ. ಶೋಭಾ ಕೆಲಸ ಬಿಟ್ಟ ವಾರದಿಂದ ಹಾಜರಿಯಲ್ಲಿ ಅವನು ಅರ್ಧಾ ಕೊಯ್ತಾ ಆಗಿದ್ದ.

ಇಬ್ಬರೂ ಆ ಒಂಟಿ ಖಾನೆ ನೋಡುತ್ತ ಕುಳಿತೆವು. ಆಸ್ಪತ್ರೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ನಮ್ಮ ಲೆಕ್ಕದಲ್ಲಿ ಸರಿಯಾಗಿ ಅವಳಿಗೇ ಜಾಗ ಇರಲಿಲ್ಲ. ನನ್ನ ಟೋಳಿಯಲ್ಲಿ ಇನ್ನೂ ಒಬ್ಬಳು ಬಸುರಿ ಇದ್ದಳು. ಜ್ವರ ಬಂದು ಮಲಗಿದವಳೊಬ್ಬಳಿದ್ದಳು. ಅವರ ಗಂಡಂದಿರೂ ಅರ್ಧಾ. ಬೇರೆ ಟೋಳಿಗಳಲ್ಲಿ ಎಷ್ಟು ಇದ್ದರೋ.

ಸುಜಾತಾ ನಿಧಾನವಾಗಿ ಹೇಳಿದಳು, "ಎಷ್ಟು ಅಂತ ಮೊದಲ ಕೇಳೂದs ತಪ್ಪು ಕಾಕಾ. ನಾ ಅಂಕಿ ಕೇಳಂಗಿಲ್ಲ. ಗುಡಸಲಿಗೆ ಒಂದು ಖಾನೆ ಇಡತೇನಿ, ಬಾಜೂಕ ‘ಇನ್ನೊಬ್ಬರು’ ಅಂತ ಒಂದು ಬಟನ್. ಎಷ್ಟು ಸಲ ಒತ್ತತಾರ ಅಷ್ಟು ಮಂದಿ. ಆದ್ರ ಸಾಹೇಬ್ರು ಹೂಂ ಅನಬೇಕ."

ಸಾಹೇಬರು ಅಂದರೆ ಕಬ್ಬಿನ ಆಫೀಸಿನ ಮುಖ್ಯಸ್ಥರು. ಕೆಟ್ಟ ಮನುಷ್ಯ ಅಲ್ಲ, ಆದರೆ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಕಾಣದ ಮನುಷ್ಯ. ಕಾರ್ಖಾನೆಗೆ ಕಬ್ಬು ಸಾಲದಿದ್ದರೂ ಅವರಿಗೇ ಬೈಗುಳ, ಗೇಟಿನಲ್ಲಿ ಗಾಡಿ ನಿಂತರೂ ಅವರಿಗೇ ಬೈಗುಳ. ಮರುದಿನ ನಾನು ಹೋಗುವಾಗ ಗಂಗವ್ವನೂ ಬೆನ್ನು ಹತ್ತಿದಳು. ಮೊಣಕೈಗೆ ಬಿದ್ದ ಗಾಯ ತೋರಿಸುವುದಿದೆ ಎಂದಳು. ಗಾಯ ಬರೀ ನೆಪ ಎಂದು ನನಗೆ ಗೊತ್ತಿತ್ತು.

ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. "ಯಲ್ಲಪ್ಪಾ, ಕಾರ್ಡ್ ಕಬ್ಬ ಕಡಿಯೋರಿಗೆ. ನಿನ್ನ ಸೊಸಿ ಈಗ ಕಡಿಯಾಕತ್ತಿಲ್ಲ. ನಿನ್ನ ಹಾಜರಿನs ಅರ್ಧಾ ಅಂತೈತಿ. ನಾ ಏನ್ ಮಾಡ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹೊರಗಿನಿಂದ ಗಂಗವ್ವ ಕೂಗಿದಳು. "ಸಾಹೇಬ್ರ, ನಾನೂ ಅರ್ಧಾನs ಅದೇನ್ರಿ. ನನ್ನ ಹೆಸರ ಬರಕೊಂಡೀರಿ, ಅಡ್ಡಿಯಿಲ್ಲ. ಖರೆ ಒಂದ ಮಾತ ಹೇಳ್ರಿ. ಬಸರ ಆದಾಕಿ ಎರಡ ಜೀವದಾಕಿ ಅಂತೀರಿ ಮನ್ಯಾಗ. ಇಲ್ಲಿ ಬಂದ್ರ ಅರ್ಧಾ ಅಂತೀರಿ. ಆ ಒಂದೂವರಿ ಜೀವ ಎಲ್ಲಿ ಹೋಗ್ಯಾವ್ರಿ, ಗಾಣಕ್ಕ ಹಾಕೀರೇನು?"

ಆಫೀಸಿನಲ್ಲಿ ಕಾರಕೂನರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಾಹೇಬರಿಗೂ ನಗು ಬಂತು, ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಕ್ಕು ಮುಗಿಸಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಎದ್ದು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಹೊರಗೆ ಬಂದು ಹೇಳಿದರು, "ಗುಡಸಲದಾಗ ಯಾರ್ಯಾರು ಉಣತಾರ ಅವರೆಲ್ಲಾ ಬರ್ಲಿ. ಊರಾನ ಬೀಗರ್ನ ಸೇರಸೀರಿ ಅಂದ್ರ ನೋಡ್ರಿ ಮತ್ತ! ಶನಿವಾರ ಐದಕ್ಕ ಲಿಂಕ್ ಬಂದ್. ಆಸ್ಪತ್ರಿಗೆ ಕಡೇ ಯಾದಿ ಹೋಗತೈತಿ, ಆಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ."

ಅಂದು ಗುರುವಾರ. ಸುಜಾತಾ ನಿಪ್ಪಾಣಿಗೆ ಹೋಗದೆ ಕಾರ್ಖಾನೆಯ ಶಾಲೆಯ ಒಬ್ಬ ಟೀಚರಮ್ಮನ ಮನೆಯಲ್ಲಿ ಉಳಿದಳು. ಶುಕ್ರವಾರ ಹೋದಾಗ ಹೊಸ ಫಾರ್ಮ್ ಇತ್ತು. ಗುಡಿಸಲಿಗೊಂದು ಚೌಕಟ್ಟು, ಒಳಗೆ ಒಂದು ಖಾನೆ, ಪಕ್ಕದಲ್ಲಿ "ಇನ್ನೊಬ್ಬರು" ಎಂಬ ಬಟನ್. ತಪ್ಪಿ ಒತ್ತಿದರೆ ಅಳಿಸಲು ಇನ್ನೊಂದು. ಅದರಲ್ಲೂ ಒಂದು ತೊಡಕು ಬಂತು. ನಡುವಿನ ಒಬ್ಬರನ್ನು ಅಳಿಸಿದರೆ ಕೆಳಗಿನ ಹೆಸರುಗಳು ಮೇಲೆ ಸರಿಯುತ್ತಿದ್ದವು, ವಯಸ್ಸು ಮಾತ್ರ ಇದ್ದಲ್ಲೇ ಇರುತ್ತಿತ್ತು. ಪರೀಕ್ಷೆಗೆಂದು ಹಾಕಿ ನೋಡಿದರೆ ನನ್ನ ಸೊಸೆಗೆ ನನ್ನ ವಯಸ್ಸು ಬಂದು ಕೂತಿತ್ತು.

"ಅಕ್ಕಾರ, ಹಿಂಗ ಕಳಸಿದ್ರ ಡಾಕ್ಟರ್ ಎದಿ ಒಡಕೊಂಡ ಸಾಯ್ತಾಳ್ರಿ," ಅಂದೆ.

ಆಕೆಗೆ ನಗುವ ತ್ರಾಣವೂ ಇರಲಿಲ್ಲ. ಒಬ್ಬ ಮನುಷ್ಯನ ಹೆಸರು, ವಯಸ್ಸು ಬೇರೆ ಬೇರೆ ಸಾಲಿನಲ್ಲಿ ಇಟ್ಟದ್ದೇ ತಪ್ಪು, ಎರಡನ್ನೂ ಒಂದೇ ಗುರುತಿನ ಕೆಳಗೆ ಕಟ್ಟಿಡಬೇಕು ಎಂದಳು. ನನಗೆ ತಿಳಿಯಲಿ ಎಂದು, "ಒಂದು ಹೊರಿ, ಒಂದು ಹಗ್ಗ," ಎಂದೂ ಸೇರಿಸಿದಳು. ಅದನ್ನು ಕಟ್ಟುವಷ್ಟರಲ್ಲಿ ಹೊತ್ತು ಮುಳುಗಿತು.

ಶನಿವಾರ ನಾನು ಹೊಲಕ್ಕೆ ಇಳಿಯಲಿಲ್ಲ. ಸುತ್ತಲಿನ ಟೋಳಿಗಳ ಗುಡಿಸಲಿಗೆ ಹೋಗಿ ಹೆಣ್ಣುಮಕ್ಕಳ ಹೆಸರು, ವಯಸ್ಸು ಬರೆದು ತಂದೆ. ಅದೊಂದು ಬೇರೆಯದೇ ಕೆಲಸ. ಗಂಡನ ಹೆಸರು ಹೆಂಡತಿ ಹೇಳುವುದಿಲ್ಲ, ಹೆಂಡತಿಯ ವಯಸ್ಸು ಗಂಡನಿಗೆ ಗೊತ್ತಿಲ್ಲ. ಒಬ್ಬ ಮುದುಕಿ, "ನನ್ನ ಹೆಸರ ಯಾಕ ಬೇಕೋ ತಮ್ಮಾ, ಕರೆಯೋರs ಇಲ್ಲ ಈಗ," ಎಂದು ತನ್ನ ಹೆಸರು ನೆನಪಿಸಿಕೊಳ್ಳಲು ಹೊತ್ತು ತೆಗೆದುಕೊಂಡಳು. ಆಫೀಸಿನಲ್ಲಿ ನೆಟ್ ಬರುತ್ತಿತ್ತು, ಹೋಗುತ್ತಿತ್ತು. ಮುಕಾದಮರೆಲ್ಲ ಸುಜಾತಾಳ ಬೆನ್ನ ಹಿಂದೆ ಗುಂಪುಗಟ್ಟಿ ನಿಂತಿದ್ದೆವು, ಬೆವರಿನ ವಾಸನೆಗೆ ಆಕೆ ಮೂಗು ಮುರಿಯಲಿಲ್ಲ. ನನ್ನ ಟೋಳಿಯ ಸರದಿ ಬಂದಾಗ ನಾಲ್ಕು ದಾಟಿತ್ತು. ಮಹಾದೇವನ ಗುಡಿಸಲು ಬಂತು. ಆಕೆ "ಇನ್ನೊಬ್ಬರು" ಒತ್ತಿದಳು. ಖಾಲಿ ಖಾನೆ ಮೂಡಿತು, ಅದರಲ್ಲಿ ಶೋಭಾ ಎಂದು ಬರೆದಳು. ಕಳಿಸುವ ಬಟನ್ ಒತ್ತಿದ ಮೇಲೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. "ಹೋತು ಕಾಕಾ," ಎಂದು ಆಕೆ ಹೇಳಿದ್ದು ಕೇಳಿಸಿತು. ಹದಿನಾಲ್ಕು ಕೊಯ್ತಾದ ನನ್ನ ಟೋಳಿಯಲ್ಲಿ ಮಕ್ಕಳು ಮುದುಕರು ಸೇರಿ ಅವತ್ತು ಮೂವತ್ತೊಂದು ಜನ ಇದ್ದರು.

ಸೋಮವಾರ ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಟೋಳಿಯ ಹೆಸರು ಕೇಳಿ ಯಾದಿಯನ್ನು ಕೆಳಗೆ ಇಳಿಸುತ್ತ ಹೋದರು. ಇಳಿಸಿದರು, ಇಳಿಸಿದರು. "ಏನಪಾ, ಎಷ್ಟು ಉದ್ದ ಐತಿ ನಿಮ್ಮ ಟೋಳಿ!" ಎಂದರು. ಶೋಭಾ ನನ್ನ ತೋಳು ಹಿಡಿದಿದ್ದಳು, ಉಗುರು ಒಳಗೆ ಇಳಿಯುತ್ತಿತ್ತು. ಆಮೇಲೆ ಅವರ ಬೆರಳು ನಿಂತಿತು. "ಶೋಭಾ. ಗಂಡ ಮಹಾದೇವ. ಐತಿ ನೋಡ್ರಿ. ಒಳಗ ಕರಕೊಂಡ ಬರ್ರಿ."

ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ನನ್ನ ಕೈಯಲ್ಲಿ ರವದಿಯ ಸೀಳು ತುಂಬಿದ್ದವು. ಕೂಸಿಗೆ ಚುಚ್ಚೀತು ಎಂದು ಅಂಗೈ ಒಳಗೆ ಮಡಚಿ ಮುಂಗೈ ಮೇಲೆ ಎತ್ತಿಕೊಂಡೆ. ನನ್ನ ಮೈಯಲ್ಲಿ ಮೂರು ತಿಂಗಳ ದಣಿವು ಇತ್ತು, ಆದರೂ ಯಾರಾದರೂ ಕೇಳಿದ್ದರೆ ಅಥಣಿಯಿಂದ ಮುಗಳಖೋಡದವರೆಗೆ ಹಾಗೆಯೇ ಎತ್ತಿಕೊಂಡು ನಡೆದುಬಿಡುತ್ತಿದ್ದೆ. ಸುಜಾತಾಗೆ ಫೋನ್ ಮಾಡಿದೆ. ಆ ಕಡೆಯಿಂದ ಮೂಗು ಏರಿಸಿದ ಸದ್ದು ಬಂತು. ಆಮೇಲೆ, "ಕಾಕಾ, ನಾ ಇನ್ನ ಮಲಗತೇನಿ," ಎಂದಳು.

ಅದರ ನಂತರ ನಾಲ್ಕು ಹಂಗಾಮು ಮುಕಾದಮಕಿ ಮಾಡಿದೆ. ಮೊಣಕಾಲು ಸೋತ ಮೇಲೆ ಬಿಟ್ಟೆ. ಲೆಕ್ಕ ಮಾಡುವುದು ನನ್ನ ಕೆಲಸವಾಗಿತ್ತು, ಆದರೆ ಲೆಕ್ಕದಲ್ಲಿ ಯಾರು ಬರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಎಂದು ನೋಡುವುದನ್ನು ಆ ವಾರ ಕಲಿತೆ. ಕೆಲಸಕ್ಕೆ ಎಣಿಸುವ ಅಂಕಿ ಬೇರೆ, ಮನುಷ್ಯರನ್ನು ಎಣಿಸುವ ಅಂಕಿ ಬೇರೆ. ಎರಡಕ್ಕೂ ಒಂದೇ ಮಾತು ಬಳಸಿದರೆ ಯಾರೋ ಒಬ್ಬರು ಬಾಗಿಲ ಹೊರಗೆ ನಿಲ್ಲುತ್ತಾರೆ, ಅದೂ ನಿಲ್ಲಲು ಶಕ್ತಿ ಇಲ್ಲದವರೇ.

ಕೂಸು ಹುಟ್ಟಿದ ಅದೇ ವರ್ಷ ದಸರೆಯ ಹೊತ್ತಿಗೆ ಕಾರ್ಖಾನೆಯಿಂದ ಹೊಸ ಕಾರಕೂನನ ಫೋನ್ ಬಂತು. "ಮುಕಾದಮ, ಈ ಸಲ ಎಷ್ಟು ಕೊಯ್ತಾ ತರತೀಪಾ? ಲಗೂನ ಹೇಳು, ಇನ್ನೂ ಭಾಳ ಮಂದಿಗೆ ಫೋನ್ ಹಚ್ಚೂದೈತಿ."

ಕೂಸು ನನ್ನ ತೊಡೆಯ ಮೇಲೆ ಕುಳಿತು ಫೋನಿಗೆ ಕೈ ಚಾಚುತ್ತಿತ್ತು. "ಪೆನ್ನ ಹಿಡಕೋರಿ," ಅಂದೆ. "ಮಹಾದೇವ, ಶೋಭಾ, ಗಂಗವ್ವ..."

"ಏ, ಹೆಸರು ಯಾಕೋ ಮಾರಾಯಾ, ಅಂಕಿ ಹೇಳು ಸಾಕು!" ಎಂದ. ನಾನು ನಿಲ್ಲಿಸಲಿಲ್ಲ. ಒಂದೊಂದಾಗಿ ಎಲ್ಲರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಸುಸ್ತು, ನನಗೂ ಸುಸ್ತು. ಆದರೆ ಬರೆದುಕೊಂಡ.